ಒಂದು ವರ್ಷ ಯಾರಿಗೆ ಸಾಕು?

ಅಮೆರಿಕದ ಫೆಡರಲ್ ನ್ಯಾಯಾಲಯದಲ್ಲಿ ತಮ್ಮ ಶಿಕ್ಷೆಯನ್ನು ಪ್ರಶ್ನಿಸಲು ರಾಜ್ಯಗಳ ಕೈದಿಗಳಿಗೆ 1996ರ ಕಾಯ್ದೆ ಕೊಟ್ಟಿರುವ ಒಂದು ವರ್ಷ ಧಾರಾಳವಾಯಿತು ಎಂಬ ವಾದವನ್ನು ಒಪ್ಪಲಾರೆ. ರಾಜ್ಯದ ನ್ಯಾಯಾಲಯದಲ್ಲಿ ಕ್ರಮಬದ್ಧವಾಗಿ ಸಲ್ಲಿಸಿದ ಅರ್ಜಿ ಬಾಕಿ ಇರುವಷ್ಟು ದಿನ ಗಡುವಿನ ಎಣಿಕೆ ನಿಲ್ಲುತ್ತದೆ, ನಿಜ. ಆದರೆ ಅದಕ್ಕೆ ಮೊದಲು ಕಳೆದ ದಿನಗಳು ಮರಳಿ ಸಿಗುವುದಿಲ್ಲ, ಮತ್ತು ಈ ಹಂತದಲ್ಲಿ ವಕೀಲರನ್ನು ಪಡೆಯುವ ಸಾಂವಿಧಾನಿಕ ಹಕ್ಕಿಲ್ಲದ್ದರಿಂದ ಎಷ್ಟೋ ಕೈದಿಗಳು ಈ ಲೆಕ್ಕವನ್ನು ಸೆರೆಮನೆಯಲ್ಲಿ ಕುಳಿತು ತಾವೇ ಹಾಕಬೇಕು. ನ್ಯಾಯಾಧೀಶರೇ ಎಣಿಕೆ ತಪ್ಪಿದ್ದುಂಟು. ಗಡುವು ಬೇರೆಯದಾದರೂ 2007ರ ಬೌಲ್ಸ್ ಪ್ರಕರಣವನ್ನು ನೋಡಿ: ಮೇಲ್ಮನವಿಗೆ ನಿಯಮದಂತೆ 14 ದಿನ ಕೊಡಬೇಕಿದ್ದ ನ್ಯಾಯಾಧೀಶರು 17 ದಿನ ಕೊಟ್ಟರು, ಆ ದಿನಾಂಕವನ್ನು ನಂಬಿ ಅದಕ್ಕೂ ಒಂದು ದಿನ ಮೊದಲೇ ಸಲ್ಲಿಸಿದ ಕೈದಿಯ ಮನವಿ ತಡವಾಯಿತೆಂದು ಸುಪ್ರೀಂ ಕೋರ್ಟ್ 5–4 ಬಹುಮತದಿಂದ ತೀರ್ಪಿತ್ತಿತು.