ಹಳ್ಳಿ ಪಕ್ಕದ ಸೈಟಲ್ಲ, ಹಳ್ಳಿಯೊಳಗಿನ ಮನೆ

ಹೋದ ಭಾನುವಾರ ಹಿತ್ತಲ ಬೇವಿನ ಮರದ ಕೆಳಗೆ ನಮ್ಮತ್ತೆ ಅವರೆಕಾಯಿ ಸುಲಿಯುತ್ತಾ ಕೂತ ಫೋಟೋ ಹಾಕಿದ್ದೆ. ಅಷ್ಟಕ್ಕೇ ಇನ್‌ಬಾಕ್ಸ್ ತುಂಬಿಹೋಗಿದೆ. "ಮೇಡಂ, ಯಾವೂರು ಇದು?", "ಅಲ್ಲಿ ಇನ್ನೂ ಮನೆ ಸಿಗ್ತಾವಾ?", "ರೇಟ್ ಹೆಂಗೈತ್ರೀ?" ಊರಿನ ಹೆಸರು ಹೇಳಲ್ಲ, ತಪ್ಪು ತಿಳಿಬೇಡಿ. ಹದಡಿ ರಸ್ತೆ ಕಡೆ, ದಾವಣಗೆರೆಯ ಬೀದಿದೀಪ ಮುಗಿದು ಭತ್ತದ ಗದ್ದೆ ಶುರುವಾಗೋ ಹತ್ತಿರ ಅಂದುಕೊಳ್ಳಿ. ಹೆಸರು ಬರೆದರೆ ನಾಳೆ ಬೆಳಗ್ಗೆ ಏಜೆಂಟರ ಬೈಕುಗಳು ಅರಳಿಕಟ್ಟೆ ಮುಂದೆ ಸಾಲಾಗಿ ನಿಂತಿರ್ತಾವೆ. ಕೇಳಿದವರಿಗೆಲ್ಲ ಒಟ್ಟಿಗೇ ಉತ್ತರ ಬರೆದುಬಿಡೋಣ ಅಂತ ಕೂತಿದ್ದೀನಿ. ಉದ್ದ ಆಗುತ್ತೆ.

ಹನ್ನೊಂದು ವರ್ಷ ವಿದ್ಯಾನಗರದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ ನಮ್ಮದು. ಅತ್ತೆಯ ಮೊಣಕಾಲು ಕೈಕೊಟ್ಟ ಮೇಲೆ ಮೆಟ್ಟಿಲೇ ಶತ್ರು ಆಯ್ತು. ಆಗ ಸ್ವಂತ ಮನೆ ಹುಡುಕೋಕೆ ಹೊರಟೆವು. ಎಲ್ಲರ ಹಾಗೆ ನಮ್ಮ ತಲೆಯಲ್ಲೂ ಇದ್ದದ್ದು ಸೈಟು. ಭಾನುವಾರ ಬಂತಂದ್ರೆ ಯಾವುದಾದ್ರೂ ಬಡಾವಣೆಯ ಕಮಾನಿನ ಕೆಳಗೆ ನಾವು ಹಾಜರು. ಕಮಾನು ಮಾತ್ರ ಎಲ್ಲ ಕಡೆಯೂ ಭರ್ಜರಿ. ಒಳಗೆ ಹೋದರೆ ಕಲ್ಲು ನೆಟ್ಟ ಚೌಕಗಳು, ಒಣಗಿದ ನಾಲ್ಕು ಹೊಂಗೆ ಸಸಿ, "ಹಳ್ಳಿಯ ವಾತಾವರಣ, ಸಿಟಿಯ ಸೌಲಭ್ಯ" ಅನ್ನೋ ಬೋರ್ಡು. ಹಳ್ಳಿ ಅಲ್ಲೇ ಕೂಗಳತೆಯಲ್ಲಿರುತ್ತೆ. ಆದರೆ ಅದಕ್ಕೂ ಬಡಾವಣೆಗೂ ಮಧ್ಯೆ ಆಳೆತ್ತರದ ಕಾಂಪೌಂಡು. ವಾತಾವರಣ ಬೇಕು, ಹಳ್ಳಿಯವರು ಬೇಡ ಅನ್ನೋ ಲೆಕ್ಕ.

ಒಂದು ಕಡೆ ಮುಂಗಡ ಕೊಡೋ ಹಂತಕ್ಕೂ ಹೋಗಿದ್ದೆವು. "ಇ-ಸ್ವತ್ತು ಐತೆ ಮೇಡಂ, ಕಣ್ಣು ಮುಚ್ಕೊಂಡು ತಗೊಳ್ರಿ" ಅಂದ ಏಜೆಂಟ್. ಕಣ್ಣು ಬಿಟ್ಟು ನೋಡಿದರೆ ಅದು 11ಬಿ. ಇಲ್ಲಿ ಸ್ವಲ್ಪ ನಿಲ್ಲಿ, ಇನ್‌ಬಾಕ್ಸಿನಲ್ಲಿ ಕೇಳಿದವರಲ್ಲಿ ಅರ್ಧ ಜನ ಇಲ್ಲೇ ಜಾರಿ ಬೀಳೋದು. ಪಂಚಾಯ್ತಿ ವ್ಯಾಪ್ತಿಯ ಆಸ್ತಿಗೆ 2013ರಿಂದ ಇ-ಸ್ವತ್ತು ಅನ್ನೋ ಕಂಪ್ಯೂಟರ್ ದಾಖಲೆ ಬಂದಿದೆ. ಹಳೇ ಊರೊಳಗಿನ ಗ್ರಾಮಠಾಣಾ ಜಾಗಕ್ಕೆ, ಇಲ್ಲವೇ ಹೊಲದಿಂದ ವಸತಿಗೆ ಭೂಪರಿವರ್ತನೆ ಆಗಿ ನಗರಾಭಿವೃದ್ಧಿ ಪ್ರಾಧಿಕಾರದಿಂದ ನಕ್ಷೆ ಮಂಜೂರಾದ ಸೈಟಿಗೆ ನಾವು ಹುಡುಕುವಾಗ ನಮೂನೆ 9 ಮತ್ತು 11ಎ ಸಿಗುತ್ತಿತ್ತು. ಇವೆರಡೂ ಅಲ್ಲದ್ದಕ್ಕೆ 11ಬಿ. ಅಂದರೆ ಅದು ಕಾಗದದಲ್ಲಿ ಇನ್ನೂ ಹೊಲವೇ ಇರಬಹುದು. ನೀವು ತೆರಿಗೆ ಕಟ್ಟುತ್ತೀರಿ ಅಷ್ಟೇ. ಎರಡರ ಮೇಲೂ ಅದೇ ಸರ್ಕಾರದ ಲಾಂಛನ. ಏಜೆಂಟ್ ಹೇಳಿದ್ದು ಸುಳ್ಳಲ್ಲ, ಇ-ಸ್ವತ್ತು ಇತ್ತು! ಬ್ಯಾಂಕಿನಲ್ಲಿ ಆ ಹಾಳೆ ತೋರಿಸಿದಾಗ ಆಫೀಸರ್ ಓದಲೂ ಇಲ್ಲ, ಬೆರಳಲ್ಲಿ ವಾಪಸ್ ತಳ್ಳಿದರು.

ಮತ್ತೊಂದು ಕಡೆ ಕಾಗದವೆಲ್ಲ ಸರಿ ಇತ್ತು, ನೆಲ ಸರಿ ಇರಲಿಲ್ಲ. ಹೋದ ವರ್ಷದವರೆಗೂ ನಾಲೆ ನೀರು ಕುಡಿದ ಎರೆ ಗದ್ದೆ ಅದು. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ಜತೆಗೆ ಮೇಲಿನ ಗೋಡೆಯನ್ನೂ ಬಿರಿಸುತ್ತೆ. ಅಲ್ಲಾಗಲೇ ಕಟ್ಟಿದ್ದ ಒಂದು ಮನೆಯ ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಓಡಿತ್ತು. ನಮ್ಮ ಮನೆಯವರು ಅದರ ಮುಂದೆ ನಿಂತು ಅಡಿಪಾಯದ ಖರ್ಚು ಲೆಕ್ಕ ಹಾಕ್ತಿದ್ದರೆ ಅತ್ತೆ ಕಾರಿನಿಂದ ಇಳಿಯಲೇ ಇಲ್ಲ. ಕಾಂಪೌಂಡಿನಾಚೆಯ ಊರನ್ನ ತೋರಿಸಿ, "ಹಳೇ ಕಾಲದೋರು ಊರನ್ನ ದಿಬ್ಬದ ಮ್ಯಾಲೆ ಯಾಕೆ ಕಟ್ಟಿದ್ರು ಅಂತ ಮಾಡೀಯ? ಅಲ್ಲಿ ಕೇಳಬಾರದಾ ಒಂದು ಮನೆ?" ಅಂದರು.

ಹಾಗೆ ಶುರುವಾಯ್ತು. ಸಿಕ್ಕಿದ್ದು ಆ ಊರಲ್ಲಲ್ಲ, ಅದರಾಚೆಯ ಊರಲ್ಲಿ. ಐದಂಕಣದ, ಅಂದರೆ ಕಂಬಗಳ ನಡುವೆ ಐದು ಭಾಗ ಇರೋ, ಮಣ್ಣಿನ ಮಾಳಿಗೆ ಮನೆ. ಬೇವಿನ ಜಂತೆ, ಪಡಸಾಲೆ, ನಡುಮನೆ, ಮೂಲೆಯಲ್ಲಿ ಕಲ್ಲು ಮುಚ್ಚಿದ ಹಗೇವು (ಕಾಳು ತುಂಬಿಡೋ ನೆಲದೊಳಗಿನ ಗುಂಡಿ), ಹಿಂದೆ ಕೊಟ್ಟಿಗೆ, ಹಿತ್ತಲು. ಎರಡು ಮೂರು ವರ್ಷದಿಂದ ಯಾರೂ ಮಾಳಿಗೆಗೆ ಕರಲು ಮಣ್ಣು ಹಾಕಿರಲಿಲ್ಲ, ಒಂದು ಕಡೆ ಸೋರಿ ಜಂತೆ ಕಪ್ಪಾಗಿತ್ತು. ಬ್ಯಾಂಕಿನ ವ್ಯಾಲ್ಯುಯರ್ ಬಂದು ಟೇಪು ಹಿಡಿದು ಅಳೆದು ಬರೆದುಕೊಂಡು ಹೋದರು. ವರದಿ ನೋಡಿದರೆ ಜಾಗಕ್ಕೆ ಇಷ್ಟು, ಕಟ್ಟಡಕ್ಕೆ ಸೊನ್ನೆ. ಮೂರು ತಲೆಮಾರು ಬಾಳಿದ ಮನೆಗೆ ಸೊನ್ನೆ! ರಿಸರ್ವ್ ಬ್ಯಾಂಕ್ ನಿಯಮದಲ್ಲಿ 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿ ಬೆಲೆಯ ಶೇ 90ರವರೆಗೂ ಕೊಡಬಹುದು. ಆದರೆ ಆ ಬೆಲೆ ನಿಮ್ಮ ವ್ಯಾಪಾರದ ಬೆಲೆ ಅಲ್ಲ, ವ್ಯಾಲ್ಯುಯರ್ ಬರೆದದ್ದು. ಹಳೇ ಮನೆ ಕೊಳ್ಳೋರು ಕೈಯಲ್ಲಿ ಹೆಚ್ಚು ದುಡ್ಡು ಇಟ್ಟುಕೊಂಡಿರಬೇಕು. ನಾವು ಒಡವೆ ಅಡ ಇಟ್ಟೆವು, ಅದರ ಕತೆ ಬೇಡ.

ಕಾಗದ ಅಂತ ಬಂದರೆ ನನಗೆ ಧೈರ್ಯ ಇತ್ತು. ಆಸ್ತಿ ಮೇಲಿನ ಸಾಲ, ಮಾರಾಟದ ನೋಂದಣಿ ತೋರಿಸೋ ಇಸಿ (ಋಣಭಾರ ಪತ್ರ) ಈಗ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತಲ್ಲ, ತೆಗೆಸಿದೆ. ಒಂದೇ ಒಂದು ಸಾಲ ಇಲ್ಲ, ಮಾರಾಟ ಇಲ್ಲ, ಸ್ವಚ್ಛ. ನಮ್ಮ ವಕೀಲರು ನಕ್ಕರು. "ಹಳ್ಳಿ ಮನೆ ಇಸಿ ಯಾವಾಗ್ಲೂ ಸ್ವಚ್ಛನೇ ಇರುತ್ತಮ್ಮ. ರಿಜಿಸ್ಟರ್ ಆಗಿದ್ರೆ ತಾನೇ ಅದ್ರಲ್ಲಿ ಕಾಣೋದು?" ಹೌದಲ್ಲ! ಪಂಚರ ಮುಂದೆ ಬಾಯಿಮಾತಲ್ಲಿ ಆದ ಪಾಲು, ಬಿಳಿ ಹಾಳೆಯ ಮೇಲೆ ಬರೆದು ಪೆಟ್ಟಿಗೆಯಲ್ಲಿಟ್ಟ ಪಾಲುಪಟ್ಟಿ, ಯಾವುದೂ ಇಸಿಯಲ್ಲಿ ಇರಲ್ಲ. ಅವರು ಕೇಳಿದ್ದು ವಂಶವೃಕ್ಷ.

ವಂಶವೃಕ್ಷ ಬಂದ ದಿನ ಗೊತ್ತಾಗಿದ್ದು, ನಮ್ಮ ಹತ್ತಿರ ವ್ಯಾಪಾರ ಮಾತಾಡಿದ ಅಣ್ಣತಮ್ಮಂದಿರು ನಾಲ್ವರಲ್ಲದೆ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ ಅಂತ. ದೊಡ್ಡಣ್ಣ ಕೈ ಅಲ್ಲಾಡಿಸಿಬಿಟ್ಟ. "ಅವರದ್ದೇನ್ರೀ, ಮದುವಿ ಮಾಡಿ ಕೊಟ್ಟಾತಲ್ಲ. ಅಪ್ಪ ಇದ್ದಾಗ್ಲೇ ಪಂಚರ ಮುಂದೆ ಪಾಲಾಗೈತೆ." ಮೂವತ್ತು ವರ್ಷದ ಹಿಂದಾಗಿದ್ದರೆ ಆ ಮಾತು ನಡೀತಿತ್ತೇನೋ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳನ್ನ ಮಗನ ಸಮಕ್ಕೆ ತಂದಿತು. ಆಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲಿದ್ದರೆ ಬೇರೆ ಮಾತು. ಇವರ ಹತ್ತಿರ ಇದ್ದದ್ದು ಬಾಯಿಮಾತು. ಹೆಣ್ಣುಮಕ್ಕಳ ಸಹಿ ಇಲ್ಲದೆ ಕೊಂಡರೆ, ಮನೆ ಜತೆ ಒಂದು ಸಿವಿಲ್ ದಾವೆಯನ್ನೂ ಕೊಂಡಂತೆ.

ಕಿರಿ ಮಗಳು ಹೊನ್ನಾಳಿ ಕಡೆ, ಬೇಗ ಒಪ್ಪಿದಳು. ಹಿರಿಯಾಕೆ ಜಗಳೂರು ತಾಲ್ಲೂಕಿನಲ್ಲಿ. ಅಣ್ಣಂದಿರು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕೊನೆಗೆ ನಾನೇ ಬಸ್ ಹತ್ತಿ ಹೋದೆ. ಮಂಡಕ್ಕಿ, ಖಾರ ಕಲಸಿ ತಟ್ಟೆ ಮುಂದಿಟ್ಟು ಆಕೆ ಹೇಳಿದ್ದಿಷ್ಟು: "ನಾನೇನು ಸಹಿ ಹಾಕಲ್ಲ ಅಂದಿಲ್ಲ ಅಕ್ಕಾ. ಸೀರೆ ಕುಬುಸ ಉಡಿಗೆ ತುಂಬಿ ಹೆಬ್ಬೆಟ್ಟು ಒತ್ತಿಸ್ಕೊಂಡು ಹೋಗೋಣ ಅಂತ ಬಂದಿದ್ರು. ನನ್ನ ಪಾಲು ನನ್ನ ಖಾತೆಗೆ ಬೀಳ್ಲಿ, ನಾನೇ ಬಂದು ಬರೆದುಕೊಡ್ತೀನಿ." ಹೆಬ್ಬೆಟ್ಟಿನ ಮಾತು ಆಡಿದಾಕೆ ಏಳನೇ ಕ್ಲಾಸು ಓದಿದ್ದಾಳೆ, ಸಹಿ ನನಗಿಂತ ಚೆನ್ನಾಗಿದೆ. ನಾನು ಕೊಳ್ಳುವವಳು, ನನಗೆ ಅವಸರ. ಆದರೂ ವಾಪಸ್ ಬರುವ ಬಸ್ಸಲ್ಲಿ ನಾನು ಆಕೆಯ ಪರವಾಗಿಬಿಟ್ಟಿದ್ದೆ.

ಅಣ್ಣಂದಿರು ಒಪ್ಪೋಕೆ ಐದು ತಿಂಗಳು ಹಿಡೀತು. ಅಷ್ಟರಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಯ್ತು. ಹಳ್ಳಿ ಆಸ್ತಿಗೆ ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು ಸೇರಿ ಲಕ್ಷಕ್ಕೆ 5,650. ಅದರ ಮೇಲೆ ನೋಂದಣಿಗೆ 2,000. ತಡ ಆಗಿದ್ದಕ್ಕೆ ಲಕ್ಷಕ್ಕೆ ಸಾವಿರದಂತೆ ನಾವು ದಂಡ ತೆತ್ತೆವು. ನಮ್ಮ ಮನೆಯವರು ಈಗಲೂ ಹಂಗಿಸ್ತಾರೆ. ಹಂಗಿಸಲಿ, ಕ್ರಯಪತ್ರದಲ್ಲಿ ಮಾರುವವರು ಅಂತ ಆರು ಹೆಸರಿವೆ, ಆರು ಚೆಕ್ಕಿನ ನಂಬರ್ ಇವೆ.

ಈಗ ಬರೆಯೋಕೆ ಕಷ್ಟ ಆಗೋ ವಿಷಯ. ಹಳ್ಳಿಗಳಲ್ಲಿ ಮನೆ ಕೇಳಿಕೊಂಡು ಹೋದಾಗ ನಮ್ಮನ್ನ ಯಾರೂ ಮೊದಲು ಬಜೆಟ್ ಕೇಳಲಿಲ್ಲ. "ನಿಮ್ಮದು ಯಾವ ಪೈಕಿ?" ಅಂತ ಕೇಳಿದರು. ನಮ್ಮ ಉತ್ತರಕ್ಕೆ ಚಹಾ ಬಂತು. ನನ್ನ ಜತೆ ಪಾಠ ಮಾಡೋ ಗೆಳತಿಯೊಬ್ಬಳು ಇದೇ ಹೊತ್ತಿಗೆ, ಇಂಥದ್ದೇ ಊರುಗಳಲ್ಲಿ, ನನಗಿಂತ ಹೆಚ್ಚು ದುಡ್ಡು ಕೈಯಲ್ಲಿಟ್ಟುಕೊಂಡು ಹುಡುಕಿದಳು. ಅವಳ ಉತ್ತರಕ್ಕೆ "ಮಾರೋ ಮನಸ್ಸು ಇನ್ನೂ ಗಟ್ಟಿ ಆಗಿಲ್ರೀ ಮೇಡಂ" ಅನ್ನೋ ಮಾತು ಬಂತು, ಮೂರು ಊರಲ್ಲಿ. ಕೊನೆಗೆ ಅವಳು ಕಾಂಪೌಂಡು ಹಾಕಿದ ಬಡಾವಣೆಯಲ್ಲೇ ಮನೆ ಕಟ್ಟಿಸಿದಳು. ಅಲ್ಲಿ ಕೇಳಿದ್ದು ಆಧಾರ್, ಪ್ಯಾನ್, ಚೆಕ್ಕು, ಇಷ್ಟೇ. ನಾನು ಮೇಲೆ ಬಡಾವಣೆಗಳ ಬಗ್ಗೆ ಆಡಿದ ಕೊಂಕು ಮಾತನ್ನ ಅವಳ ಮುಂದೆ ಆಡೋಕೆ ನನಗೆ ಬಾಯಿ ಬರಲ್ಲ. "ಹಳ್ಳಿ ಅಂದ್ರೆ ನೆಮ್ಮದಿ" ಅಂತ ಕಮೆಂಟ್ ಹಾಕಿದವರು, ಆ ನೆಮ್ಮದಿ ಯಾರಿಗೆ ಮಾರಾಟಕ್ಕಿದೆ ಅಂತ ಒಮ್ಮೆ ವಿಚಾರಿಸಿ.

ಇರೋದು ಹೇಗಿದೆ ಅಂತ ಕೇಳ್ತೀರಿ. ಮುಂದಿನ ಎರಡಂಕಣ ಕೆಡವಿ ಆರ್‌ಸಿಸಿ ಹಾಕಿಸಿದೆವು, ಹಿಂದಿನ ಮೂರಂಕಣ ಹಾಗೇ ಉಳಿಸಿಕೊಂಡೆವು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಎಲ್ಲರೂ ಹಿಂದಕ್ಕೆ ಓಡಿ ಮಾಳಿಗೆ ಕೆಳಗೆ ಮಲಗ್ತೀವಿ. ಕುಡಿಯೋ ನೀರಿಗೆ ಐದು ರೂಪಾಯಿ ಕಾಯಿನ್ ಹಾಕಿ ಘಟಕದಿಂದ ಕ್ಯಾನ್ ತುಂಬಿಸಿಕೊಂಡು ಬರೋದು. ಪೇಟೆಯಿಂದ ತಂದ ಬೆಣ್ಣೆ ದೋಸೆ ಮನೆ ಮುಟ್ಟೋದರೊಳಗೆ ಮೆತ್ತಗಾಗಿರುತ್ತೆ, ಇದೊಂದು ನಿಜವಾದ ನಷ್ಟ. ಶಾಂತಿ ಅಂತೂ ಕೇಳಲೇಬೇಡಿ. ಕೊಯ್ಲಿನ ಕಾಲಕ್ಕೆ ರಾತ್ರಿಯಿಡೀ ಟ್ರಾಕ್ಟರ್ ಓಡಾಟ, ಗದ್ದೆಗೆ ನೀರು ಬಿಟ್ಟರೆ ಸೊಳ್ಳೆ, ಬೆಳಗಿನ ಜಾವ ಗುಡಿಯ ಮೈಕು. ಬಾಗಿಲು ಹಾಕಿಕೊಂಡು ಕೂತರೆ, "ಯಾಕ್ರೀ, ಹುಷಾರಿಲ್ಲೇನು?" ಅಂತ ಬಾಗಿಲು ಬಡೀತಾರೆ. ಮೊದಲ ಎರಡು ತಿಂಗಳು ನನಗೆ ಇದು ಹಿಂಸೆ ಅನ್ನಿಸ್ತಿತ್ತು. ಅತ್ತೆ ಜಾರಿ ಬಿದ್ದ ದಿನ ನಾವಿಬ್ಬರೂ ಕೆಲಸದಲ್ಲಿದ್ದೆವು. ನಮಗೆ ಫೋನ್ ಬರೋ ಹೊತ್ತಿಗೆ ಅವರನ್ನ ಆಟೋದಲ್ಲಿ ಕೂರಿಸಿ ಆಸ್ಪತ್ರೆ ಮುಟ್ಟಿಸಿಯಾಗಿತ್ತು.

ಪಕ್ಕದ ಮನೆ ಅಜ್ಜಿ ಜತೆ ಮಾತ್ರ ಒಂದು ವ್ಯಾಜ್ಯ ಇದೆ. ನಮ್ಮ ಹಿತ್ತಲ ಮೂಲೆಯಲ್ಲಿ ಅವರ ತಿಪ್ಪೆ. ಕ್ರಯಪತ್ರದ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಪ್ರಕಾರ ಆ ಮೂಲೆ ನಮ್ಮದು, ಮೋಜಣಿ ನಕ್ಷೆಯಲ್ಲೂ ನಮ್ಮದು. ತೋರಿಸಿದೆ. ಅಜ್ಜಿ ಕಾಗದವನ್ನ ಬಿಸಿಲಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು. "ಜಾಗ ನಿಂದೇ ಕಣವ್ವಾ. ತಿಪ್ಪೆ ನಮ್ದು." ಯುಗಾದಿ ಮುಂಚೆ ಗೊಬ್ಬರ ಹೊಲಕ್ಕೆ ಹೊಡೆಸಿದರು, ನಮ್ಮ ನುಗ್ಗೆ ಗಿಡಕ್ಕೂ ಎರಡು ಪುಟ್ಟಿ ಹಾಕಿಸಿದರು. ಮರುವಾರವೇ ಅಲ್ಲೇ ಮತ್ತೆ ಸಗಣಿ ಬುಟ್ಟಿ. ನಮ್ಮ ಮನೆಯವರು ಕಾಂಪೌಂಡ್ ಹಾಕಿಸೋಣ ಅಂತಾರೆ. ನಾನು ನೋಡೋಣ ಅಂತೀನಿ.

ಇನ್ನು ಇದೆಲ್ಲ ಎಷ್ಟು ದಿನ ಅನ್ನೋ ಪ್ರಶ್ನೆ. ನಿಟುವಳ್ಳಿ, ಆವರಗೆರೆ, ಶಾಮನೂರು ಎಲ್ಲ ಹಿಂದೆ ಬೇರೆ ಊರುಗಳೇ. ಈಗ ದಾವಣಗೆರೆಯೊಳಗೆ ಕರಗಿಹೋಗಿವೆ. ನಮ್ಮೂರಿನ ಸರದಿಯೂ ಬರುತ್ತೆ. ಆಗ ಇದೇ ಜಾಗಕ್ಕೆ ಬೆಲೆ ಬರುತ್ತೆ ಅಂತ ನಮ್ಮ ಭಾವ ಖುಷಿಪಡ್ತಾರೆ. ಮಾರೋ ಯೋಚನೆ ಇಲ್ಲದವರಿಗೆ ಬೆಲೆ ಬಂದರೆ ತೆರಿಗೆ ಜಾಸ್ತಿ ಆಗೋದು ಬಿಟ್ಟು ಬೇರೇನು ಲಾಭ ಅಂತ ನನಗೆ ತಿಳಿದಿಲ್ಲ.

ಹೋದ ತಿಂಗಳು ಊರಮ್ಮನ ಹಬ್ಬಕ್ಕೆ ಪಟ್ಟಿ ಎತ್ತೋಕೆ ಬಂದಿದ್ದರು. ಮನೆಗೆ ಸಾವಿರ. ಕೊಟ್ಟೆ. ಪುಸ್ತಕದಲ್ಲಿ ಬರೆದುಕೊಂಡದ್ದನ್ನ ಇಣುಕಿ ನೋಡಿದರೆ ನಮ್ಮ ಹೆಸರಿಲ್ಲ, ಮಾರಿದವರ ಹೆಸರೂ ಇಲ್ಲ. "ಹಗೇವು ಮನಿ – 1,000" ಅಂತಿದೆ. ನಮ್ಮ ಹೆಸರು ಹಾಕ್ರಿ ಅಂದೆ. ಬರೆಯುತ್ತಿದ್ದ ಹುಡುಗ ಪೆನ್ನಿನ ಕ್ಯಾಪ್ ಹಾಕಿ, "ಈಗ ಬಂದೀರಲ್ರೀ ಟೀಚರ್, ಇನ್ನೊಂದು ಹಬ್ಬ ಆಗ್ಲಿ ಬಿಡ್ರಿ" ಅಂತ ಮುಂದಿನ ಮನೆಗೆ ನಡೆದ.