ಖಡಕ್ ರೊಟ್ಟಿ, ಕ್ರಂಚ್ ಗಿಟಾರು

ಗಿಟಾರಿನವರು ಆಂಪ್ಲಿಫೈಯರಿನ ಸದ್ದಿನ ಬಗ್ಗೆ ಮಾತಾಡುವಾಗ ದೂರದಿಂದ ಕೇಳಿದವರಿಗೆ ಖಾನಾವಳಿಯ ಪಂಕ್ತಿ ನೆನಪಾಗಬೇಕು. ಒಂದು ಕ್ರಂಚಿ, ಒಂದು ಬ್ರೌನ್, ಇನ್ನೊಂದು ಸ್ಪಂಜಿ. ಬೆಳಗಾವಿಯ ಯಾವುದೋ ಕಾರ್ಯಕ್ರಮದಲ್ಲಿ ಹುಡುಗ ‘ಅಣ್ಣಾ, ಚೈಮ್ ಕಮ್ಮಿ ಆಗೇತಿ ನೋಡ್ರಿ’ ಅಂದರೆ ಮೈಕ್‌ಸೆಟ್ಟಿನವನು ಟ್ರೆಬಲ್, ಅಂದರೆ ಮೇಲಿನ ಸ್ವರಗಳ ಗುಂಡಿ, ತಿರುವುತ್ತಾನೆ. ಕಿವಿ ಚುಚ್ಚುತ್ತದೆಯೇ ಹೊರತು ಚೈಮ್ ಬರುವುದಿಲ್ಲ.

ಬರುವುದಾದರೂ ಹೇಗೆ? ಅದು ಟ್ರೆಬಲ್ಲಿನ ಮಾತೇ ಅಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲಿನೆಳೆ ತೂರಿಸಿ, ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾರಲ್ಲ, ಒಂದು ಜಾಗದಲ್ಲಿ ಜವಾರಿ, ಅಂದರೆ ತಂತಿಯ ಝೇಂಕಾರ, ತೆರೆದುಕೊಂಡು ಒಂದೇ ತಂತಿಯೊಳಗಿಂದ ಹತ್ತು ನಾದ ಏಳುತ್ತವೆ. ವಾಕ್ಸ್ ಎಸಿ-30 ಎಂಬ ಆಂಪಿನ ನಾಲ್ಕು ಇಎಲ್84 ವಾಲ್ವುಗಳು (ಸದ್ದು ಹಿಗ್ಗಿಸುವ ಗಾಜಿನ ಕೊಳವೆಗಳು) ಸದ್ದು ಇನ್ನೇನು ಒಡೆಯಬೇಕು ಅನ್ನುವ ಹಂತದಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಎತ್ತಿನ ಗೆಜ್ಜೆಸರದಂಥ ಆ ಮಿನುಗಿಗೆ ಚೈಮ್ ಎಂದು ಹೆಸರು.

ಒಡೆಯದೇ ಇರುವುದು ಕ್ಲೀನ್. ಫೆಂಡರ್ ಟ್ವಿನ್ ರಿವರ್ಬ್ ಆಂಪ್ 85 ವ್ಯಾಟಿನದು, ಅದರ ವಾಲ್ಯೂಮ್ ಏರಿಸಿದಷ್ಟೂ ಸದ್ದು ದೊಡ್ಡದಾಗುತ್ತದೆ, ಬೇಗನೆ ಬಿರಿಯುವುದಿಲ್ಲ. ತಲೆ ಸೂರಿಗೆ ತಾಗುವ ಮುಂಚೆ ಉಳಿದ ಆ ಜಾಗವೇ ಹೆಡ್‌ರೂಮ್.

ಕ್ರಂಚ್ ನಮಗೆ ಸಲೀಸಾಗಿ ತಿಳಿಯಬೇಕು. ಜಿಮ್ ಮಾರ್ಷಲ್ ಅವರ ಲಂಡನ್ ಅಂಗಡಿಯಲ್ಲಿ ಫೆಂಡರ್ ಬಾಸ್‌ಮನ್ ಆಂಪಿನ ಸರ್ಕೀಟನ್ನೇ ಹಿಡಿದು ಜೆಟಿಎಂ45 ಆಂಪ್ ಕಟ್ಟಿದರು, ಮುಂದೆ ಇಎಲ್34 ವಾಲ್ವುಗಳು ಬಂದವು. ಜೋರಾಗಿ ಮೀಟಿದರೆ ಖಡಕ್ ರೊಟ್ಟಿ ಮುರಿದಂತೆ ಕಟಕ್ಕೆನ್ನುತ್ತದೆ, ಮೆಲ್ಲಗೆ ಮೀಟಿದರೆ ಮೆತ್ತಗಾಗುತ್ತದೆ. ಹೊಸಬರು ಇನ್ನಷ್ಟು ಬೇಕೆಂದು ಗೇನನ್ನು (ಸದ್ದು ಎಷ್ಟು ಒಡೆಯಬೇಕೆಂದು ಹೇಳುವ ಗುಂಡಿ) 8ಕ್ಕೆ ಒಯ್ಯುತ್ತಾರೆ. ಆಗ ರೊಟ್ಟಿ ಮುರಿಯುವುದಿಲ್ಲ, ಪುಡಿಯಾಗುತ್ತದೆ. ಆ ಪುಡಿಗೆ ಫಿಜ್ ಅನ್ನುತ್ತಾರೆ. ಗೇನ್ 4ರ ಹತ್ತಿರ ನಿಲ್ಲಿಸಿ, ಬಾಸ್ ತುಸು ಇಳಿಸಿ, ವಾಲ್ಯೂಮ್ ಏರಿಸಿದರೆ ಕಟಕ್ ಮರಳುತ್ತದೆ.

ಸ್ಪಂಜಿ ಅನ್ನಿಸುವುದು ಸ್ಯಾಗಿನಿಂದ. ಸ್ಯಾಗ್ ಎಂದರೆ ನವಾರ ಸಡಿಲಾದ ಹೊರಸು. ದಪ್ಪನೆ ಕೂತರೆ ತಗ್ಗುತ್ತದೆ, ಆಮೇಲೆ ಎತ್ತುತ್ತದೆ. ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಕೂಡ ವಾಲ್ವೇ ಆಗಿದ್ದರೆ ಜೋರು ಮೀಟಿಗೆ ಒಳಗಿನ ವೋಲ್ಟೇಜ್ ಕುಸಿದು ಸ್ವರ ಮೊದಲು ಹಿಂಡಿಕೊಂಡು ನಂತರ ಅರಳುತ್ತದೆ. ಅಲ್ಲಿ ಸಿಲಿಕಾನ್ ಡಯೋಡ್ ಇದ್ದರೆ ಕಲ್ಲುಬೆಂಚು.

ಬ್ರೌನ್ ಸೌಂಡಿಗೆ, ಅಂದರೆ ಬೆಚ್ಚಗೆ ಒಡೆದ ಸದ್ದಿಗೆ, ಕುಂದಾದ ಹೋಲಿಕೆ ಇದೆ: ಹಾಲು ಹೊತ್ತಬಾರದು, ಕೆಂಪಾಗಬೇಕು. ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ವೇರಿಯಾಕ್ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಹಚ್ಚಿ ಮಾರ್ಷಲ್ ಆಂಪಿನ ವೋಲ್ಟೇಜ್ ಇಳಿಸಿ ನುಡಿಸಿದವರು. ನಮ್ಮಲ್ಲಿ ಸಂಜೆ ಪಂಪ್‌ಸೆಟ್ ಶುರುವಾದರೆ ಆ ಸೌಕರ್ಯ ಪುಕ್ಕಟೆ! ಆದರೆ ಅಮೆರಿಕದಿಂದ ತಂದ 120 ವೋಲ್ಟಿನ ಆಂಪನ್ನು ನಮ್ಮ 230ಕ್ಕೆ ನೇರ ಚುಚ್ಚಿದರೆ ಕುಂದಾ ಅಲ್ಲ, ಇದ್ದಿಲು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಎಲ್ಲಕ್ಕಿಂತ ಮೋಸದ್ದು ಸ್ಕೂಪ್ಡ್. ಬಾಸ್, ಟ್ರೆಬಲ್ ಏರಿಸಿ ಮಿಡ್, ಅಂದರೆ ನಡುವಿನ ಸ್ವರಗಳನ್ನು, ಬಗೆದು ತೆಗೆದರೆ ಮನೆಯಲ್ಲಿ ಒಬ್ಬನೇ ನುಡಿಸುವಾಗ ಭರ್ಜರಿ. ವೇದಿಕೆಯಲ್ಲಿ ಕೆಳಗಿನ ಜಾಗ ಬಾಸ್ ಗಿಟಾರಿನದು, ಮೇಲಿನದು ತಾಳದ್ದು, ಉಳಿದ ನಡುವನ್ನು ಗಿಟಾರಿನವನು ತಾನೇ ಬಗೆದುಕೊಂಡಿರುತ್ತಾನೆ. ಕೈ ಆಡುತ್ತಿರುತ್ತದೆ, ಗಿಟಾರು ಕೇಳುವುದಿಲ್ಲ.

ಹೀಗಾಗಿ ‘ಚೈಮ್ ಕಮ್ಮಿ’ ಅಂದಾಗ ಮೈಕ್‌ಸೆಟ್ಟಿನ ಅಣ್ಣ ಮಿಕ್ಸರ್ ಬಿಟ್ಟು ಆಂಪಿನ ಹತ್ತಿರ ಹೋಗುವುದು ಲೇಸು. ಸ್ಪೀಕರ್ ಕೋನಿನ ನಟ್ಟನಡುವೆ ಮೈಕಿದ್ದರೆ ಮೊನಚು, ಅಂಚಿಗೆ ಸರಿದಷ್ಟೂ ಮಂದ. ಎರಡು ಬೆರಳು ಆಚೀಚೆ ಸರಿಸಿ ನೋಡಿ, ಆಮೇಲೆ ಹುಡುಗನಿಗೆ ಕೇಳಬೇಕು: ‘ಮಿಡ್ ಎಷ್ಟಕ್ಕ ಇಟ್ಟೀಯೋ ತಮ್ಮಾ?’