ಹೊಲೊಗ್ರಾಮ್ ಬೇರೆ, ಸಿಮ್ಯುಲೇಷನ್ ಬೇರೆ

"ನಾವೆಲ್ಲ ಕಂಪ್ಯೂಟರ್ ಗೇಮ್ ಒಳಗಿದ್ದೀವಂತೆ, ವಿಜ್ಞಾನಿಗಳೇ ಹೇಳಿದ್ದಾರಂತೆ" ಎನ್ನುವ ವಿಡಿಯೊಗಳು ವಾಟ್ಸ್‌ಆ್ಯಪಿನಲ್ಲಿ ಸುತ್ತುತ್ತಲೇ ಇರುತ್ತವೆ. ಸಿಮ್ಯುಲೇಷನ್ (ಕಂಪ್ಯೂಟರಿನಲ್ಲಿ ಓಡಿಸುವ ನಕಲಿ ಜಗತ್ತು), ಹೊಲೊಗ್ರಾಮ್, ಮಾಯೆ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ, "ಶಂಕರಾಚಾರ್ಯರು ಆಗಲೇ ಹೇಳಿದ್ದರು" ಎಂದು ಮುಗಿಸುತ್ತಾರೆ. ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ. ಮೂರೂ ಬೇರೆ ಬೇರೆ ವಿಚಾರ. ಅದರಲ್ಲೂ ಹೊಲೊಗ್ರಾಮ್, ಅಂದರೆ ಒಂದು ಜಾಗದೊಳಗಿನ ಮಾಹಿತಿಯೆಲ್ಲ ಅದರ ಅಂಚಿನ ಮೇಲೇ ಬರೆದಿರಬಹುದು ಎನ್ನುವ ವಿಚಾರ, ಐವತ್ತು ವರ್ಷಗಳ ಲೆಕ್ಕಾಚಾರದಿಂದ ಮೂಡಿದ್ದು. ಅದನ್ನು "ಜಗತ್ತೆಲ್ಲ ಸುಳ್ಳು" ಎಂಬ ಒಂದು ಸಾಲಿಗೆ ಇಳಿಸಿದರೆ ಅಷ್ಟೂ ಜನರ ದುಡಿಮೆಗೆ ಅನ್ಯಾಯ.

ಮೊದಲು ಸಿಮ್ಯುಲೇಷನ್ ವಿಚಾರ. 2003ರಲ್ಲಿ ನಿಕ್ ಬಾಸ್ಟ್ರಮ್ ಬರೆದದ್ದು ತತ್ವಶಾಸ್ತ್ರದ ಪ್ರಬಂಧ, ಪ್ರಯೋಗದ ವರದಿಯಲ್ಲ. ಮೂರರಲ್ಲಿ ಒಂದಾದರೂ ನಿಜವಿರಬೇಕು ಎನ್ನುವುದು ಅವರ ವಾದ: ಅಷ್ಟು ಶಕ್ತಿಯ ಕಂಪ್ಯೂಟರ್ ಕಟ್ಟುವ ಮೊದಲೇ ನಮ್ಮಂಥ ನಾಗರಿಕತೆಗಳು ಅಳಿದುಹೋಗುತ್ತವೆ, ಇಲ್ಲವೇ ಕಟ್ಟಿದರೂ ತಮ್ಮ ಪೂರ್ವಜರ ಬದುಕನ್ನು ಅದರಲ್ಲಿ ಓಡಿಸುವ ಗೋಜಿಗೆ ಹೋಗುವುದಿಲ್ಲ, ಇಲ್ಲವೇ ನಾವೀಗ ಅಂಥದ್ದೊಂದರ ಒಳಗೇ ಇದ್ದೇವೆ. ಜನರಿಗೆ ನೆನಪಿರುವುದು ಮೂರನೆಯದು ಮಾತ್ರ. 2016ರಲ್ಲಿ ಇಲಾನ್ ಮಸ್ಕ್ ವೇದಿಕೆ ಮೇಲೆ ಅದನ್ನೇ ಹೇಳಿದ ಮೇಲಂತೂ ಉಳಿದೆರಡನ್ನು ಕೇಳುವವರೇ ಇಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ: ಅಂಥ ಕಂಪ್ಯೂಟರ್ ಕಟ್ಟಲು ಆಗುತ್ತದೆಯೇ? ಎರಡೇ ಸ್ಥಿತಿಗಳಿರುವ 300 ಕಣಗಳ ಕ್ವಾಂಟಮ್ ಸ್ಥಿತಿಯನ್ನು ಮಾಮೂಲಿ ಕಂಪ್ಯೂಟರಿನಲ್ಲಿ ಪೂರ್ತಿ ಬರೆದಿಡಬೇಕಾದರೆ 2ರ ಘಾತ 300ರಷ್ಟು ಸಂಖ್ಯೆಗಳು ಬೇಕು. ಅದು 10ರ ಘಾತ 90ನ್ನೂ ಮೀರುತ್ತದೆ. ನಮಗೆ ಕಾಣುವ ವಿಶ್ವದಲ್ಲಿರುವ ಪರಮಾಣುಗಳೇ ಸುಮಾರು 10ರ ಘಾತ 80. ಇದನ್ನು ಮುಂದಿಟ್ಟರೆ, "ನಮ್ಮನ್ನು ಓಡಿಸುತ್ತಿರುವವರ ಹತ್ತಿರ ಕ್ವಾಂಟಮ್ ಕಂಪ್ಯೂಟರ್ ಇರಬಹುದು, ಅವರ ಲೋಕದ ನಿಯಮವೇ ಬೇರೆ ಇರಬಹುದು" ಎನ್ನುತ್ತಾರೆ. ಇರಬಹುದು. ಆದರೆ ಏನು ಅಡ್ಡಿ ಹೇಳಿದರೂ ಹೀಗೆ ನುಣುಚಿಕೊಳ್ಳುವ ವಾದವನ್ನು ತಪ್ಪೆಂದು ತೋರಿಸುವ ದಾರಿ ಯಾವುದು? ಆ ದಾರಿ ಹುಡುಕಿದವರೂ ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. 2012ರಲ್ಲಿ ಬೀನ್, ದವೂದಿ, ಸ್ಯಾವೇಜ್ ಎಂಬ ಮೂವರು ಭೌತವಿಜ್ಞಾನಿಗಳು, ಆಕಾಶವು (ಮೇಲೆ ಕಾಣುವ ಬಾನಲ್ಲ, ಎಲ್ಲವೂ ಇರುವ ಸ್ಪೇಸ್) ಚೌಕಳಿಯಂತೆ ಬಿಡಿ ಬಿಡಿಯಾಗಿದ್ದರೆ ಅತಿ ಹೆಚ್ಚು ಶಕ್ತಿಯ ಕಾಸ್ಮಿಕ್ ಕಿರಣಗಳು ಬರುವ ದಿಕ್ಕುಗಳಲ್ಲಿ ಅದರ ಗುರುತು ಕಾಣಬೇಕು ಎಂದು ಲೆಕ್ಕ ಹಾಕಿದರು. ಅಂಥ ಗುರುತು ಈವರೆಗೆ ಸಿಕ್ಕಿಲ್ಲ.

ಶಂಕರರ ಹೆಸರನ್ನು ಇದಕ್ಕೆ ತಳಕು ಹಾಕುವವರಿಗೂ ಒಂದು ಮಾತು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯಕ್ಕೆ ಅವರು ಬರೆದ ಭಾಷ್ಯ ನೋಡಿ. ಹೊರಗೆ ವಸ್ತುವೇ ಇಲ್ಲ, ಎಲ್ಲ ಬರೀ ಅರಿವು ಎಂದ ಬೌದ್ಧ ವಿಜ್ಞಾನವಾದಿಗಳನ್ನು ಅವರು ಅಲ್ಲಿ ನೇರವಾಗಿ ಖಂಡಿಸುತ್ತಾರೆ. ಕಂಬ, ಗೋಡೆ ನಮಗೆ ಕಾಣುತ್ತಿರುವಾಗ ಇಲ್ಲ ಎನ್ನುವುದು ಹೇಗೆ ಎಂದು ಕೇಳುತ್ತಾರೆ. ಕನಸು ಎಚ್ಚರವಾದೊಡನೆ ಸುಳ್ಳಾಗುತ್ತದೆ, ಎಚ್ಚರದಲ್ಲಿ ಕಂಡದ್ದು ಹಾಗಲ್ಲ ಎಂದು ಎರಡಕ್ಕೂ ಗೆರೆ ಎಳೆಯುತ್ತಾರೆ. ಅವರ ಮಾಯೆಯ ವಿಚಾರ ಇಷ್ಟು ಎಚ್ಚರಿಕೆಯದು. ಅದನ್ನು ವಿಡಿಯೊ ಗೇಮ್‌ಗೆ ಹೋಲಿಸುವುದು ಅದ್ವೈತಕ್ಕೂ ನ್ಯಾಯವಲ್ಲ.

ಇನ್ನು ಹೊಲೊಗ್ರಾಮ್. ಈ ಕಥೆ ಶುರುವಾದದ್ದು 1970ರ ದಶಕದ ಆರಂಭದಲ್ಲಿ, ಪ್ರಿನ್ಸ್‌ಟನ್‌ನಲ್ಲಿ. ಭೌತವಿಜ್ಞಾನಿ ಜಾನ್ ವೀಲರ್ ತಮ್ಮ ವಿದ್ಯಾರ್ಥಿ ಜೇಕಬ್ ಬೆಕೆನ್‌ಸ್ಟೈನ್ ಮುಂದೆ ಒಂದು ಪ್ರಶ್ನೆ ಇಟ್ಟರು. ಬಿಸಿ ಚಹಾದ ಪಕ್ಕ ತಣ್ಣನೆಯ ಚಹಾ ಇಟ್ಟು ಎರಡರ ಬಿಸಿಯೂ ಸಮವಾಗಲು ಬಿಟ್ಟರೆ ಜಗತ್ತಿನ ಎಂಟ್ರೊಪಿ, ಅಂದರೆ ಅವ್ಯವಸ್ಥೆ, ಹೆಚ್ಚುತ್ತದೆ. ಅದನ್ನು ಹಿಂದಕ್ಕೆ ಪಡೆಯಲಾಗದು. ಆದರೆ ಆ ಎರಡೂ ಕಪ್ಪುಗಳನ್ನು, ಬೆಳಕೂ ಹೊರಬರಲಾಗದ ಕಪ್ಪುಕುಳಿಗೆ (ಬ್ಲ್ಯಾಕ್ ಹೋಲ್) ಎಸೆದುಬಿಟ್ಟರೆ? ಸಾಕ್ಷಿಯೇ ನಾಶವಾಯಿತಲ್ಲ! ಬೆಕೆನ್‌ಸ್ಟೈನ್ ತಲೆ ಕೆಡಿಸಿಕೊಂಡು ಉತ್ತರ ತಂದರು: ನಾಶವಾಗಿಲ್ಲ, ಕಪ್ಪುಕುಳಿಗೂ ಎಂಟ್ರೊಪಿ ಇದೆ, ಅದರ ಅಳತೆ ಕುಳಿಯ ಮೇಲ್ಮೈ ವಿಸ್ತೀರ್ಣ. ಸ್ಟೀಫನ್ ಹಾಕಿಂಗ್ ಮೊದಲು ಇದನ್ನು ಒಪ್ಪಲಿಲ್ಲ. ಕೊನೆಗೆ 1974ರಲ್ಲಿ, ಕಪ್ಪುಕುಳಿಗೆ ತಾಪಮಾನವಿದೆ, ಅದು ವಿಕಿರಣ ಹೊರಸೂಸುತ್ತದೆ ಎಂದು ತೋರಿಸಿ ಬೆಕೆನ್‌ಸ್ಟೈನ್ ಮಾತನ್ನು ಗಟ್ಟಿ ಮಾಡಿದವರೂ ಅವರೇ.

ಇದರಲ್ಲಿ ವಿಚಿತ್ರ ಏನು ಅಂತೀರಾ? ಗೋದಾಮಿನ ಉದ್ದ, ಅಗಲ, ಎತ್ತರ ಮೂರನ್ನೂ ದುಪ್ಪಟ್ಟು ಮಾಡಿದರೆ ಎಂಟು ಪಟ್ಟು ಮೂಟೆ ಹಿಡಿಯುತ್ತದೆ. ಕಪ್ಪುಕುಳಿಯ ಅಡ್ಡಳತೆ ದುಪ್ಪಟ್ಟಾದರೆ ಅದರ ಎಂಟ್ರೊಪಿ ಹೆಚ್ಚುವುದು ನಾಲ್ಕೇ ಪಟ್ಟು. ಎಂಟ್ರೊಪಿ ಎಂದರೆ ಒಳಗೆ ಅಡಗಿರುವ ಮಾಹಿತಿಯ ಅಳತೆಯೂ ಹೌದು. ಯಾವುದೇ ಜಾಗದಲ್ಲಿ ಮಾಹಿತಿಯನ್ನು ತುರುಕುತ್ತಾ ಹೋದರೆ ಕೊನೆಗೆ ಅದು ಕುಸಿದು ಕಪ್ಪುಕುಳಿಯೇ ಆಗುವುದರಿಂದ, ಈ ಮಿತಿ ಎಲ್ಲ ಜಾಗಕ್ಕೂ ಅನ್ವಯಿಸಬೇಕು ಎನ್ನುವ ತೀರ್ಮಾನಕ್ಕೆ 1990ರ ದಶಕದಲ್ಲಿ ಗೆರಾರ್ಡ್ ಟ್ ಹೂಫ್ಟ್, ಲಿಯೊನಾರ್ಡ್ ಸಸ್ಕಿಂಡ್ ಬಂದರು. ಚಪ್ಪಟೆ ಹಾಳೆಯಲ್ಲಿ ಮೂರು ಆಯಾಮದ ಚಿತ್ರ ಅಡಗಿಸುವ ಹೊಲೊಗ್ರಾಮಿನ ಹೆಸರು ಬಂದದ್ದು ಇದರಿಂದಲೇ. 1997ರಲ್ಲಿ ಹ್ವಾನ್ ಮಾಲ್ದಸೇನಾ ಒಂದು ಬಗೆಯ ವಿಶ್ವಕ್ಕೆ ಇದರ ನಿಖರವಾದ ರೂಪವನ್ನೇ ಮುಂದಿಟ್ಟರು: ಒಳಗೆ ಗುರುತ್ವವಿರುವ ಸಿದ್ಧಾಂತ, ಅಂಚಿನಲ್ಲಿ ಗುರುತ್ವವೇ ಇಲ್ಲದ ಇನ್ನೊಂದು ಸಿದ್ಧಾಂತ, ಎರಡೂ ಒಂದೇ. ಅಂಚು ನಿಜ, ಒಳಗಿನದು ಸುಳ್ಳು ಎಂದು ಅಲ್ಲಿ ಎಲ್ಲೂ ಇಲ್ಲ. ಎರಡು ವಿವರಣೆಗಳಿಗೂ ಸಮಾನ ಹಕ್ಕು. ಆ ವಿಡಿಯೊಗಳು ಪೂರ್ತಿ ದಾರಿ ತಪ್ಪುವುದು ಇಲ್ಲೇ.

ಇದರಿಂದ ಕೆಲಸವೂ ಆಗಿದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಸಂಶೋಧಕರೂ ಸೇರಿ 2008ರಲ್ಲಿ ಇದೇ ದಾರಿಯಿಂದ ಗುರುತ್ವದ ಸಮೀಕರಣಗಳಿಗೂ ದ್ರವಗಳ ಹರಿವಿನ ಸಮೀಕರಣಗಳಿಗೂ ನಂಟು ತೋರಿಸಿದರು. ಬೆಂಗಳೂರಿನ ಹೆಸರಘಟ್ಟ ಕಡೆಯಿರುವ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್‌ನಲ್ಲಿ ಈ ವಿಷಯದ ಮೇಲೆ ಸಂಶೋಧನೆ ನಡೆಯುತ್ತಿದೆ. ಈ ಕ್ಷೇತ್ರದ ವಿಜ್ಞಾನಿಗಳು ಸೇರುವ 'ಸ್ಟ್ರಿಂಗ್ಸ್' ಸಮ್ಮೇಳನ 2015ರಲ್ಲಿ ನಡೆದದ್ದೂ ಬೆಂಗಳೂರಿನಲ್ಲೇ. ಹೊಲೊಗ್ರಾಮಿನ ಹೆಸರಲ್ಲಿ ಸುಳ್ಳು ಹರಡುವಷ್ಟು ಸುಲಭವಾಗಿ ಈ ಸುದ್ದಿ ನಮ್ಮ ಮೊಬೈಲಿಗೆ ಬರುವುದಿಲ್ಲ ಎನ್ನುವುದು ನನ್ನ ಸಂಕಟ.

ಹಾಗಾದರೆ ನಮ್ಮ ವಿಶ್ವ ಹೊಲೊಗ್ರಾಮೇ? ಸಾಬೀತಾಗಿಲ್ಲ. ಅಮೆರಿಕದ ಫರ್ಮಿಲ್ಯಾಬ್ ಎಂಬ ಭೌತವಿಜ್ಞಾನ ಪ್ರಯೋಗಾಲಯದಲ್ಲಿ 40 ಮೀಟರ್ ತೋಳುಗಳ ಲೇಸರ್ ಉಪಕರಣಗಳನ್ನಿಟ್ಟು, ಆಕಾಶದಲ್ಲೇ (ಸ್ಪೇಸ್) ಹೊಲೊಗ್ರಾಮಿನ ಸುಳಿವಾಗಬಲ್ಲ ಸಣ್ಣ ನಡುಕವಿದೆಯೇ ಎಂದು ನೋಡಿದರು. ಹುಡುಕುತ್ತಿದ್ದ ಬಗೆಯ ನಡುಕ ಸಿಗಲಿಲ್ಲ ಎಂದು 2015ರಲ್ಲಿ ಪ್ರಕಟಿಸಿದರು. ಅದರಿಂದ ಬಿದ್ದುಹೋದದ್ದು ಒಂದು ನಿರ್ದಿಷ್ಟ ಊಹೆ, ಇಡೀ ಸಿದ್ಧಾಂತವಲ್ಲ. ದೊಡ್ಡ ತೊಡಕು ಬೇರೆಯೇ ಇದೆ. ಮಾಲ್ದಸೇನಾ ಲೆಕ್ಕ ಹಾಕಿದ ವಿಶ್ವ ನಮ್ಮದರಂತಲ್ಲ. ನಮ್ಮದು ಹಿಗ್ಗುತ್ತಿದೆ, ಹಿಗ್ಗುವ ವೇಗವೂ ಹೆಚ್ಚುತ್ತಿದೆ ಎಂದು 1998ರಲ್ಲೇ ದೂರದ ಸೂಪರ್‌ನೋವಾಗಳಿಂದ (ಸಿಡಿಯುವ ನಕ್ಷತ್ರಗಳಿಂದ) ಗೊತ್ತಾಗಿದೆ. ಅವರ ವಿಶ್ವಕ್ಕೆ ಲೆಕ್ಕ ಬರೆಯಲು ಒಂದು ಅಂಚಿದೆ. ನಮ್ಮಂಥದ್ದಕ್ಕೆ ಆ ಅಂಚು ಎಲ್ಲಿ ಎನ್ನುವುದರಲ್ಲೇ ಇನ್ನೂ ಒಮ್ಮತವಿಲ್ಲ.

ಮನೆಯಲ್ಲಿ ಪಿಯುಸಿ, ಡಿಗ್ರಿ ಓದುವ ಮಕ್ಕಳಿದ್ದರೆ ಅವರಿಗೆ ಈ ಅಂಚಿನ ಪ್ರಶ್ನೆಯನ್ನು ಹೇಳಿ. ಐಸಿಟಿಎಸ್‌ನವರು 'ಕಾಪಿ ವಿತ್ ಕ್ಯೂರಿಯಾಸಿಟಿ' ಎಂಬ ಸಾರ್ವಜನಿಕ ಉಪನ್ಯಾಸಗಳನ್ನು ನಡೆಸಿಕೊಂಡು ಬಂದಿದ್ದಾರೆ, ಅವುಗಳ ರೆಕಾರ್ಡಿಂಗ್ ಯೂಟ್ಯೂಬಿನಲ್ಲಿವೆ. ಭಾಷೆ ಹೆಚ್ಚಾಗಿ ಇಂಗ್ಲಿಷ್. ಇದನ್ನೇ ಕನ್ನಡದಲ್ಲಿ ಹೇಳಬಲ್ಲ ಭೌತಶಾಸ್ತ್ರದ ಮೇಷ್ಟ್ರು ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ಕಾಮೆಂಟಿನಲ್ಲಿ ಅವರನ್ನು ಟ್ಯಾಗ್ ಮಾಡಿ.